ವಾರಣಾಶಿ ಸುಬ್ರಾಯ ಭಟ್ಟರಿಂದ ನಾವು ಕಲಿತದ್ದು

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ಸಮಯದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಅಧ್ಯಕ್ಷರು ಹೇಳಿದಾಗ ನಮಗೆ ಅಳುಕೇ ಆಯಿತು. ಎಸ್ಸೆಸ್ಸೆಲ್ಸಿ ಮುಗಿಸಿ ತೋಟಕ್ಕೆ ಇಳಿದವರು ನಾವು. ಪೆನ್ನಿಗಿಂತ ಹಾರೆ ಹಿಡಿದದ್ದೇ ಹೆಚ್ಚು. ಆದರೂ ಅಡಿಕೆ ಬೆಳೆದು ಬದುಕುವ ನಾವು ಈ ಹೊತ್ತಿನಲ್ಲಿ ನೆನೆಯಲೇಬೇಕಾದ ಒಬ್ಬ ಹಿರಿಯರಿದ್ದಾರೆ. ಅವರೇ ಕ್ಯಾಂಪ್ಕೊದ ಸ್ಥಾಪಕ ಅಧ್ಯಕ್ಷರಾದ ದಿವಂಗತ ವಾರಣಾಶಿ ಸುಬ್ರಾಯ ಭಟ್ಟರು.

ಮಂಗಳೂರಿನ ಮಿಷನ್ ಸ್ಟ್ರೀಟಿನಲ್ಲಿ ಕ್ಯಾಂಪ್ಕೊದ ಪ್ರಧಾನ ಕಚೇರಿ ಉಂಟಲ್ಲ, ಆ ಕಟ್ಟಡದ ಹೆಸರು ವಾರಣಾಶಿ ಟವರ್ಸ್. ಅದರ ಎದುರಿನಿಂದ ಹೋಗುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ಹೆಸರು ಯಾಕೆ ಬಂತು ಎಂದು ಗೊತ್ತುಂಟು? ಗೊತ್ತಿಲ್ಲದಿದ್ದರೆ ತಪ್ಪು ಮಕ್ಕಳದ್ದಲ್ಲ, ಹೇಳದೆ ಉಳಿದ ನಮ್ಮದು.

ಸುಬ್ರಾಯ ಭಟ್ಟರ ಹತ್ತಿರ ಕೂತು ಪಾಠ ಕೇಳುವ ಭಾಗ್ಯ ನಮಗೆ ಇರಲಿಲ್ಲ. ಅವರು ಕ್ಯಾಂಪ್ಕೊ ಕಟ್ಟಿದಾಗ ನಾವು ಹುಟ್ಟಿಯೇ ಇರಲಿಲ್ಲ. ಅವರ ಪಾಠ ನಮಗೆ ಬಂದದ್ದು ತಂದೆಯವರ ಬಾಯಿಯಿಂದ, ಆಮೇಲೆ ನಮ್ಮದೇ ಒಂದು ತಪ್ಪಿನಿಂದ. ಆ ತಪ್ಪನ್ನು ಮುಂದೆ ಹೇಳುತ್ತೇವೆ.

ಮೊದಲು ಸ್ವಲ್ಪ ಹಳೆಯ ಕತೆ. ಸಹಕಾರ ನಮ್ಮ ಜಿಲ್ಲೆಗೆ ಹೊಸದಲ್ಲ. ಬ್ರಿಟಿಷ್ ಸರಕಾರ 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾನೂನು ತಂದಿತು. ಆಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿತ್ತು. ಪುತ್ತೂರಿನ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು 1909ರಲ್ಲಿ ಅಲ್ಲಿ ಸಹಕಾರಿ ಸಾಲ ಸಂಘ ತೆರೆದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕನ್ನೂ ಪುತ್ತೂರಿನಲ್ಲೇ ಆರಂಭಿಸಿದರು. 1925ರಲ್ಲಿ ಆ ಬ್ಯಾಂಕಿನ ಕಚೇರಿ ಮಂಗಳೂರಿಗೆ ಬಂತು. ಜಿಲ್ಲೆಯ ಸಹಕಾರ ಚಳವಳಿಯ ಪಿತಾಮಹ ಎಂದು ಶಿವರಾಯರನ್ನು ಕರೆಯುವುದು ಸುಮ್ಮನೆ ಅಲ್ಲ. ರೈತನಿಗೆ ಬಡ್ಡಿಯವನ ಮನೆಗೆ ಹೋಗದೆ ಸಾಲ ಸಿಗುವ ದಾರಿಯನ್ನು ಅವರು ಮಾಡಿ ಕೊಟ್ಟರು.

ಸಾಲಕ್ಕೆ ದಾರಿಯಾಯಿತು, ಬೆಳೆ ಮಾರಲಿಕ್ಕೆ? ಅಲ್ಲಿ ರೈತ ಮೊದಲಿನಂತೆ ಒಬ್ಬನೇ ಆಗಿದ್ದ.

ತಂದೆಯವರು ಹೇಳುತ್ತಿದ್ದದ್ದು ಹೀಗೆ: "ಅಡಿಕೆ ಕೊಯ್ದು, ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ, ಸುಲಿಸಿ, ಹೆಕ್ಕಿ, ಗೋಣಿಯಲ್ಲಿ ತುಂಬಿಸಿ ಮಂಗಳೂರು ಬಂದರಿಗೆ ಹೋಗುವುದು. ಅಂಗಡಿಯವರು ಗೋಣಿಗೆ ಕೈ ಹಾಕಿ ನಾಲ್ಕು ಅಡಿಕೆ ತೆಗೆದು ಒಡೆದು ನೋಡುವುದು. ಅವರು ಹೇಳಿದ್ದೇ ಧಾರಣೆ. ಆಗುವುದಿಲ್ಲ ಅಂತ ಹೇಳಿದರೆ ಗೋಣಿಯನ್ನು ಪುನಃ ಮನೆಗೆ ಹೊತ್ತುಕೊಂಡು ಬರ್ಲಿಕ್ಕೆ ಉಂಟಾ?" ವ್ಯಾಪಾರಿಗಳೆಲ್ಲ ಕೆಟ್ಟವರು ಎಂದು ನಾವು ಹೇಳುವುದಿಲ್ಲ. ಮಗಳ ಮದುವೆಗೆ, ಮಳೆಗಾಲದ ಖರ್ಚಿಗೆ ಮುಂಗಡ ಕೊಟ್ಟು ಕೈ ಹಿಡಿದವರೂ ಅವರಲ್ಲಿ ಇದ್ದರು. ಆದರೆ ಮುಂಗಡ ತೆಗೆದುಕೊಂಡವನಿಗೆ ಬೇರೆ ಅಂಗಡಿಗೆ ಹೋಗುವ ಬಾಯಿ ಇರಲಿಲ್ಲ. ಅಡಿಕೆ ಎಲ್ಲಿಗೆ ಹೋಗುತ್ತದೆ, ಉತ್ತರ ಭಾರತದಲ್ಲಿ ಏನು ಧಾರಣೆ ಉಂಟು, ಇದೊಂದೂ ನಮ್ಮ ಹಿರಿಯರಿಗೆ ಗೊತ್ತಾಗುತ್ತಿರಲಿಲ್ಲ.

1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ತೀರಾ ಬಿದ್ದು ಹೋಯಿತು. ಕೊಯ್ಲಿನ ಖರ್ಚೂ ಹುಟ್ಟದ ಹಾಗೆ ಆಯಿತು ಎಂದು ಆ ಕಾಲ ಕಂಡವರು ಹೇಳುತ್ತಾರೆ. ಎಲ್ಲರೂ ಬೈದರು. ಸರಕಾರವನ್ನು ಬೈದರು, ವ್ಯಾಪಾರಿಯನ್ನು ಬೈದರು, ಹಣೆಬರಹವನ್ನು ಬೈದರು. ಅಡ್ಯನಡ್ಕದ ಸುಬ್ರಾಯ ಭಟ್ಟರೂ ಒಬ್ಬ ಕೃಷಿಕರೇ. ಆದರೆ ಅವರು ಬೈದು ಸುಮ್ಮನೆ ಕೂರಲಿಲ್ಲ. ಬೆಳೆಗಾರರದ್ದೇ ಒಂದು ಸಂಸ್ಥೆ ಮಾರುಕಟ್ಟೆಗೆ ಇಳಿದು ಅಡಿಕೆ ಕೊಳ್ಳಬೇಕು ಎಂದು ಹೊರಟರು. ಬೆಳೆಗಾರರನ್ನು ಒಟ್ಟು ಸೇರಿಸಿದರು. 1973ರ ಜುಲೈ 11ರಂದು ಕ್ಯಾಂಪ್ಕೊ ಹುಟ್ಟಿತು. ಮಂಗಳೂರೇ ಅದರ ಕೇಂದ್ರವಾಯಿತು.

ಇಲ್ಲಿ ಒಂದು ವಿಚಾರವನ್ನು ಗಮನಿಸಬೇಕು. 1956ರಲ್ಲಿ ರಾಜ್ಯಗಳು ಪುನಃ ರಚನೆಯಾದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಗಡಿಯ ಆಚೆಗೂ ಈಚೆಗೂ ಇದ್ದದ್ದು ಅದೇ ತೋಟ, ಅದೇ ಕೊಳೆರೋಗ, ಅದೇ ಧಾರಣೆ. ಹಾಗಾಗಿ ಕ್ಯಾಂಪ್ಕೊವನ್ನು ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಂಸ್ಥೆಯಾಗಿ ಕಟ್ಟಲಾಯಿತು. ಎರಡೂ ಸರಕಾರಗಳ ಬೆಂಬಲ ಸಿಕ್ಕಿತು. ಬೇಲಿಯ ಜಗಳಕ್ಕೆ ವರ್ಷಗಟ್ಟಲೆ ಕೋರ್ಟಿಗೆ ಹೋಗುವ ನಮ್ಮಂಥವರು ಇದರಿಂದ ಕಲಿಯಲಿಕ್ಕೆ ಬಹಳ ಉಂಟು. ಕಷ್ಟ ಒಂದೇ ಆದವರು ಒಂದು ಕಡೆ ಕೂರಬೇಕು ಎಂಬುದು ಭಟ್ಟರು ಕಲಿಸಿದ ಮೊದಲನೆಯ ಪಾಠ.

ಎರಡನೆಯ ಪಾಠ ಕೊಕ್ಕೊದ್ದು. 1970ರ ದಶಕದಲ್ಲಿ ನಮ್ಮ ಕಡೆ ಅಡಿಕೆ ತೋಟದ ನಡುವೆ ಕೊಕ್ಕೊ ಗಿಡ ಹಾಕುವುದು ಜೋರಾಯಿತು. ನೆರಳಿನಲ್ಲಿ ಬೆಳೆಯುತ್ತದೆ, ಸೊಪ್ಪು ಬೀಳುತ್ತದೆ, ವಾರ ವಾರ ಕೈಗೆ ಕಾಸು ಬರುತ್ತದೆ ಎಂದು ಎಲ್ಲರೂ ಹಾಕಿದರು. 1980ರ ಹೊತ್ತಿಗೆ ಧಾರಣೆ ಕುಸಿಯಿತು, ಖಾಸಗಿಯವರು ಖರೀದಿಯಿಂದ ಹಿಂದೆ ಸರಿದರು. ಹಸಿ ಬೀಜ ಇಟ್ಟುಕೊಳ್ಳುವ ವಸ್ತುವಲ್ಲ, ಎರಡು ದಿನದಲ್ಲಿ ಕೆಡುತ್ತದೆ. ಎಷ್ಟೋ ಮಂದಿ ಗಿಡವನ್ನೇ ಕಡಿದು ಹಾಕಿದರು. ಆಗ ಅಡಿಕೆಗೆಂದು ಹುಟ್ಟಿದ ಕ್ಯಾಂಪ್ಕೊ ಕೊಕ್ಕೊ ಖರೀದಿಗೂ ಇಳಿಯಿತು. ಬೀಜ ಕೊಂಡು ಮಾರಿದರೆ ಸಾಲದು, ಅದರಿಂದ ವಸ್ತುವನ್ನೇ ತಯಾರಿಸಬೇಕು ಎಂದು ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಕಟ್ಟಲಾಯಿತು. 1986ರಲ್ಲಿ ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರು ಅದನ್ನು ಉದ್ಘಾಟಿಸಿದರು. ಮುಂಡು ಉಟ್ಟು ತೋಟಕ್ಕೆ ಹೋಗುವ ಕೃಷಿಕರು ಚಾಕಲೇಟು ಕಾರ್ಖಾನೆಯ ಮಾಲಿಕರಾದರು. ಬೆಳೆದದ್ದನ್ನು ಬೆಳೆದ ಹಾಗೆಯೇ ಮಾರಿ ಕೈ ತೊಳೆದುಕೊಳ್ಳಬೇಡಿ, ಮುಂದಿನ ಕೆಲಸವನ್ನೂ ನೀವೇ ಮಾಡಿ ಎಂಬ ಪಾಠ ಇದರಲ್ಲಿ ಉಂಟು.

ಮೂರನೆಯ ಪಾಠವೇ ಎಲ್ಲಕ್ಕಿಂತ ದೊಡ್ಡದು. ಅದು ನಮ್ಮ ತಲೆಗೆ ಹೋಗಲು ಬಹಳ ಸಮಯ ಬೇಕಾಯಿತು.

ಕೆಲವು ವರ್ಷಗಳ ಹಿಂದಿನ ಮಾತು. ನಾವು ಆಗಲೇ ಈ ಸಂಘದ ನಿರ್ದೇಶಕರಾಗಿದ್ದೆವು. ಸಂಘದ ಗೋದಾಮಿನಲ್ಲಿ ಅಡಿಕೆ ಖರೀದಿ ನಡೆಯುತ್ತಿತ್ತು. ಆ ವರ್ಷ ಹೊರಗಿನಿಂದ ಒಬ್ಬರು ಪಿಕಪ್ ತಂದು ಅಂಗಳದಿಂದಲೇ ಅಡಿಕೆ ಎತ್ತಿದರು. ಕಿಲೋಗೆ 5 ರೂಪಾಯಿ ಜಾಸ್ತಿ, ರೊಕ್ಕ ಕೈಯಲ್ಲಿ. ಊರಿನ ಹೆಚ್ಚಿನವರು ಅವರಿಗೇ ಕೊಟ್ಟರು. ನಾವೂ ಕೊಟ್ಟೆವು. ನಿರ್ದೇಶಕರೇ ಹೊರಗೆ ಕೊಟ್ಟ ಮೇಲೆ ಸದಸ್ಯರಿಗೆ ಹೇಳುವುದು ಎಂತ? ಸಂಘದ ಗೋದಾಮು ಆ ವರ್ಷ ಖಾಲಿ ಕೂತಿತು. ತಕ್ಕಡಿಯ ಮೇಲೆ ಧೂಳು ಕೂತಿತು.

ಸಂಜೆ ನೋಟು ಎಣಿಸುತ್ತಿದ್ದಾಗ ತಂದೆಯವರು ಜಗಲಿಯಿಂದ ಕೇಳಿದರು: "ಆ ಜನ 5 ರೂಪಾಯಿ ಜಾಸ್ತಿ ಕೊಟ್ಟದ್ದು ಯಾಕೆ, ಗೊತ್ತುಂಟಾ ನಿನಗೆ?"

"ಅವರಿಗೆ ಅಡಿಕೆ ಬೇಕು, ಕೊಟ್ಟರು" ಎಂದೆವು.

"ಅಲ್ಲ ಮಗಾ. ಸಂಘ ಒಂದು ಧಾರಣೆ ಹೇಳ್ತದೆ, ಅದಕ್ಕೆ ಅವರು ಅದರ ಮೇಲೆ 5 ಹಾಕಿದ್ದು. ಸಂಘ ಇಲ್ಲದಿದ್ದರೆ ಯಾವುದರ ಮೇಲೆ ಹಾಕುವುದು? ಭಟ್ರು ಕ್ಯಾಂಪ್ಕೊ ಮಾಡುವ ಮೊದಲು ನಾವು ಬಂದರಿನಲ್ಲಿ ನಿಂತದ್ದು ನೀನು ನೋಡಿಲ್ಲ."

ಮುಂದಿನ ವರ್ಷ ಧಾರಣೆ ಇಳಿಯಿತು. ಪಿಕಪ್ ನಮ್ಮ ರಸ್ತೆಗೆ ಬರಲೇ ಇಲ್ಲ. ಫೋನು ಮಾಡಿದರೆ "ಈಗ ಬೇಡ, ನೋಡುವ" ಎಂಬ ಉತ್ತರ. ತಲೆ ತಗ್ಗಿಸಿ ಸಂಘದ ಗೋದಾಮಿಗೇ ಗೋಣಿ ಇಳಿಸಿದೆವು. ಕಳೆದ ವರ್ಷ ಎಲ್ಲಿಗೆ ಕೊಟ್ಟಿರಿ ಎಂದು ಅಲ್ಲಿ ಯಾರೂ ಕೇಳಲಿಲ್ಲ. ತೂಕ ಮಾಡಿ, ಚೀಟಿ ಬರೆದು, ಖಾತೆಗೆ ಹಣ ಹಾಕಿದರು. ಕೇಳಿ ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಕ್ಯಾಂಪ್ಕೊ ಇಡೀ ದೇಶದ ಅಡಿಕೆಯನ್ನು ಕೊಳ್ಳುವುದಿಲ್ಲ, ಕೊಳ್ಳಬೇಕೆಂದೂ ಇಲ್ಲ. ಅದು ದಿನಾ ಒಂದು ಧಾರಣೆ ಹೇಳಿ ಆ ಧಾರಣೆಗೆ ಕೊಳ್ಳಲು ತಯಾರಾಗಿ ನಿಂತರೆ ಸಾಕು, ಬೇರೆಯವರು ಅದಕ್ಕಿಂತ ತೀರಾ ಕೆಳಗೆ ಹೋಗಲು ಹಿಂಜರಿಯುತ್ತಾರೆ. ಹೀಗಾಗಿ ಕ್ಯಾಂಪ್ಕೊಕ್ಕೆ ಒಂದು ಕಾಳು ಅಡಿಕೆ ಕೊಡದ ರೈತನಿಗೂ ಕ್ಯಾಂಪ್ಕೊದಿಂದ ಲಾಭ ಉಂಟು. ನಮ್ಮ ಹಳ್ಳಿಯ ಸಂಘದ ಕತೆಯೂ ಇದೇ. ಅದರ ಸಾಲದ ಬಡ್ಡಿ, ಗೊಬ್ಬರದ ಕ್ರಯ, ತೂಕದ ಸತ್ಯ ಇವು ಊರಿನ ಉಳಿದ ವ್ಯಾಪಾರವನ್ನೂ ಹದ್ದುಬಸ್ತಿನಲ್ಲಿ ಇಡುತ್ತವೆ. ಲಾಭ ಎಲ್ಲರಿಗೂ ಬರುತ್ತದೆ. ಆದರೆ ನಡೆಸುವ ಭಾರವನ್ನು ಕೆಲವರೇ ಹೊತ್ತರೆ ಸಂಸ್ಥೆ ಎಷ್ಟು ದಿನ ನಿಂತೀತು? ಎಲ್ಲರೂ 5 ರೂಪಾಯಿ ಹಿಂದೆ ಹೋದರೆ ಒಂದು ದಿನ ಆ 5 ರೂಪಾಯಿಯೂ ಇರಲಿಕ್ಕಿಲ್ಲ, ಅದರ ಕೆಳಗಿನ ಧಾರಣೆಯೂ ಇರಲಿಕ್ಕಿಲ್ಲ.

ಇಲ್ಲಿ ಸಂಘದವರಾದ ನಮಗೂ ಒಂದು ಮಾತು ಉಂಟು. ಸದಸ್ಯರು ಅಭಿಮಾನದಿಂದಲೇ ಬರಬೇಕು ಎಂದು ಕೂತರೆ ಆಗುವುದಿಲ್ಲ. ತೂಕ ಸರಿ ಇರಬೇಕು, ಹಣ ಸಮಯಕ್ಕೆ ಹೋಗಬೇಕು, ಹೊಸ ಅಡಿಕೆ ಹಳೆ ಅಡಿಕೆ ಪಟೋರ ಎಂದು ವಿಂಗಡಿಸುವಾಗ ನಿರ್ದೇಶಕರ ಗೋಣಿಗೆ ಒಂದು ಕಣ್ಣು, ಬಡವನ ಗೋಣಿಗೆ ಇನ್ನೊಂದು ಕಣ್ಣು ಆಗಬಾರದು. ಭಟ್ಟರು ಕಟ್ಟಿದ್ದು ಧರ್ಮಛತ್ರವಲ್ಲ, ವ್ಯಾಪಾರ ಮಾಡುವ ಸಂಸ್ಥೆ. ವ್ಯಾಪಾರ ಸರಿಯಾಗಿ ಮಾಡಿದ್ದರಿಂದಲೇ 2023ರಲ್ಲಿ ಕ್ಯಾಂಪ್ಕೊಕ್ಕೆ 50 ವರ್ಷ ತುಂಬಿತು.

ಇವತ್ತು ನಮ್ಮ ತೋಟಗಳ ಸ್ಥಿತಿ ಹೇಳಬೇಕೆಂದಿಲ್ಲ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ, ಕೆಲಸಕ್ಕೆ ಜನ ಇಲ್ಲ, ವಿದೇಶದಿಂದ ಬರುವ ಅಡಿಕೆ. ಮಕ್ಕಳು ಬೆಂಗಳೂರಿನಲ್ಲಿ. ಇದನ್ನೆಲ್ಲ ಒಬ್ಬೊಬ್ಬರೇ ಎದುರಿಸುತ್ತೇವೆ ಎಂದು ಹೊರಟರೆ ನಮ್ಮ ಹಿರಿಯರು ಬಂದರಿನ ಅಂಗಡಿ ಎದುರು ಗೋಣಿ ಇಟ್ಟು ನಿಂತ ಜಾಗಕ್ಕೇ ನಾವು ಪುನಃ ಹೋಗಿ ನಿಲ್ಲಬೇಕಾದೀತು.

ತಂದೆಯವರು ಈಗ ಇಲ್ಲ. ಅವರ ಹೆಸರಿನ ಕ್ಯಾಂಪ್ಕೊ ಪಾಲುಪತ್ರ ನಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿ ಉಂಟು. ಅಂಚು ಹಳದಿಯಾಗಿದೆ. ಆ ವರ್ಷದ ನಂತರ ನಮ್ಮ ಮನೆಯ ಅಡಿಕೆ ಸಂಘದ ಗೋದಾಮಿಗಲ್ಲದೆ ಬೇರೆ ಕಡೆಗೆ ಹೋಗಿಲ್ಲ. ಇದನ್ನು ಹೆಮ್ಮೆಗೆ ಹೇಳುವುದಲ್ಲ, ಒಮ್ಮೆ ತಪ್ಪಿದವರು ಹೇಳುವ ಮಾತು ಎಂದು ಸದಸ್ಯ ಬಾಂಧವರು ತಿಳಿಯಬೇಕು.

ಬರುವ ಕೊಯ್ಲಿನಲ್ಲಿ ಪ್ರತಿಯೊಬ್ಬ ಸದಸ್ಯರು ತಮ್ಮ ಅಡಿಕೆಯಲ್ಲಿ ಒಂದು ಪಾಲನ್ನಾದರೂ ಸಂಘಕ್ಕೆ ಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಸುಬ್ರಾಯ ಭಟ್ಟರಂಥ ಹಿರಿಯರಿಗೆ ನಾವು ಹಾಕುವ ಹಾರಕ್ಕಿಂತ ಅದೇ ದೊಡ್ಡ ಗೌರವ. ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ.