ಸಭಾಕಂಪಕ್ಕೆ ಮದ್ದು ಬಂದ ದಾರಿ: ಕೆಜಿಎಫ್, ಬಂಗಾರಪೇಟೆಯಿಂದ ನೋಡಿದಾಗ

2015–16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. 12 ರಾಜ್ಯಗಳ 34,802 ವಯಸ್ಕರನ್ನು ಮನೆಮನೆಗೆ ಹೋಗಿ ಮಾತಾಡಿಸಿದ ಸಮೀಕ್ಷೆ ಅದು. ಆ ಹನ್ನೆರಡರ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಆದರೆ ಪ್ರಶ್ನೆ ಕೇಳುವ ಕ್ರಮ ಸರಿಯಿದೆಯೇ ಎಂದು ಮೊದಲು ಪರೀಕ್ಷಿಸಿ ನೋಡಿದ್ದು ಕೋಲಾರ ಜಿಲ್ಲೆಯಲ್ಲಿ, 3,190 ಜನರ ನಡುವೆ. ದೇಶದ ಮನಸ್ಸನ್ನು ಅಳೆಯುವ ಅಳತೆಗೋಲು ತಯಾರಾದದ್ದು ಇಲ್ಲಿ ಎಂಬುದು ಜಿಲ್ಲೆಯೊಳಗೇ ಹೆಚ್ಚು ಜನರಿಗೆ ಗೊತ್ತಿಲ್ಲ.

ಆ ಸಮೀಕ್ಷೆಗೆ ಬಳಸಿದ ಪ್ರಶ್ನಾವಳಿಯಲ್ಲಿ 'ಸೋಶಿಯಲ್ ಫೋಬಿಯಾ' ಎಂಬ ಭಾಗವೊಂದಿದೆ. ಬೇರೆಯವರು ನೋಡುತ್ತಿರುವಾಗ ಮಾತಾಡಲು, ಊಟ ಮಾಡಲು, ಬರೆಯಲು ಭಯವಾಗುತ್ತದೆಯೇ, ಅವಮಾನವಾದೀತು ಎಂಬ ಅಂಜಿಕೆಯಿಂದ ಅಂಥ ಸಂದರ್ಭಗಳನ್ನು ತಪ್ಪಿಸಿಕೊಳ್ಳುತ್ತೀರಾ ಎಂದು ಅದು ವಿಚಾರಿಸುತ್ತದೆ. ಈಗ ವೈದ್ಯರು ಇದನ್ನು ಸಾಮಾಜಿಕ ಆತಂಕ ಕಾಯಿಲೆ ಎನ್ನುತ್ತಾರೆ. ಒಂದು ಕಷ್ಟವನ್ನು ಗಮನಿಸಿ. ಅಪರಿಚಿತರ ಮುಂದೆ ಬಾಯಿ ಬಿಡಲು ಹೆದರುವವರನ್ನು ಪತ್ತೆ ಮಾಡಲು ಅಪರಿಚಿತರೊಬ್ಬರು ಬಾಗಿಲು ತಟ್ಟಿ ಪ್ರಶ್ನೆ ಕೇಳಬೇಕು! ಈ ಕಾಯಿಲೆಯ ಚಿಕಿತ್ಸೆಯ ಇತಿಹಾಸದುದ್ದಕ್ಕೂ ಇದೇ ತೊಡಕು. ಮದ್ದು ಎಲ್ಲೋ ಇರುತ್ತದೆ, ಆದರೆ ಅದನ್ನು ಪಡೆಯಲು ರೋಗಿ ತಾನು ಅತಿ ಹೆಚ್ಚು ಹೆದರುವ ಕೆಲಸವನ್ನೇ ಮೊದಲು ಮಾಡಬೇಕು.

ಕನ್ನಡದಲ್ಲಿ 'ಸಭಾಕಂಪ' ಎಂಬ ಒಳ್ಳೆಯ ಮಾತಿದೆ. ಆದರೆ ಅದು ವೇದಿಕೆ ಹತ್ತಿದವರ ನಡುಕಕ್ಕೆ ಮಾತ್ರ ಸಲ್ಲುತ್ತದೆ. ಅಂಗಡಿಯಲ್ಲಿ ಚಿಲ್ಲರೆ ಕಮ್ಮಿ ಕೊಟ್ಟರೂ ಕೇಳಲಾಗದೆ ವಾಪಸ್ ಬರುವವರಿಗೆ, ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಉಣ್ಣಲಾಗದವರಿಗೆ ನಾವು ಹೇಳುವುದು ನಾಚಿಕೆ, ಸಂಕೋಚ ಎಂದೇ. ಕೆಜಿಎಫ್‌ನ ಗಣಿ ಲೈನುಗಳಲ್ಲಿ ಅದಕ್ಕೆ ತಮಿಳಿನ ಕೂಚ್ಚಂ ಇದೆ, ತೆಲುಗಿನ ಸಿಗ್ಗು ಇದೆ, ದಖನಿ ಉರ್ದುವಿನ ಶರಂ ಇದೆ. ನಾಲ್ಕು ಭಾಷೆಗಳಲ್ಲಿ ಹೆಸರಿದ್ದರೂ ನಾಲ್ಕರಲ್ಲೂ ಅದು ಸ್ವಭಾವವೇ ಹೊರತು ಕಾಯಿಲೆಯಲ್ಲ. ಹೆಣ್ಣುಮಕ್ಕಳಲ್ಲಿದ್ದರೆ ಅದು ಒಳ್ಳೆಯ ಗುಣ, ಗಂಡುಮಕ್ಕಳಲ್ಲಿದ್ದರೆ ಕೈಲಾಗದತನ. ಎರಡೂ ಕಡೆ ವೈದ್ಯರ ಮಾತೇ ಬರುವುದಿಲ್ಲ.

ವೈದ್ಯರಿದ್ದರಾದರೂ ಎಲ್ಲಿ? ಬೆಂಗಳೂರಿನಲ್ಲಿ ಮಾನಸಿಕ ಅಸ್ವಸ್ಥರಿಗೆ ಆಸರೆಮನೆ ಶುರುವಾದದ್ದು 1847ರ ಸುಮಾರಿಗೆ, ಸರ್ಜನ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಕಾಲದಲ್ಲಿ. ಆಗಿನ್ನೂ ಬಂಗಾರಪೇಟೆಗೆ ಆ ಹೆಸರಿರಲಿಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಿಂದ ಅದು ಬೌರಿಂಗ್‌ಪೇಟೆ ಆದದ್ದು ಆಮೇಲೆ. ಆ ಕಾಲದ ಆಸ್ಪತ್ರೆಗೆ ಹೆಚ್ಚಾಗಿ ಬರುತ್ತಿದ್ದವರು ಬೀದಿಯಲ್ಲಿ ಅಲೆಯುವವರು, ಗಲಾಟೆ ಮಾಡುವವರು, ಮನೆಯವರ ಕೈ ಮೀರಿದವರು. ಮೂಲೆಯಲ್ಲಿ ಕೂತು ಯಾರಿಗೂ ತೊಂದರೆ ಕೊಡದವರನ್ನು ಯಾರೂ ಕರೆದುಕೊಂಡು ಹೋಗುತ್ತಿರಲಿಲ್ಲ. 1925ರಲ್ಲಿ ಅದು ಮೈಸೂರು ಸರ್ಕಾರಿ ಮಾನಸಿಕ ಆಸ್ಪತ್ರೆಯಾಯಿತು, 1930ರ ದಶಕದಲ್ಲಿ ಈಗಿನ ಹೊಸೂರು ರಸ್ತೆಯ ಜಾಗಕ್ಕೆ ಬಂತು. ಡಾ. ಎಂ.ವಿ. ಗೋವಿಂದಸ್ವಾಮಿ ಅಲ್ಲಿ ಮನೋವಿಜ್ಞಾನಕ್ಕೂ ಜಾಗ ಮಾಡಿಕೊಟ್ಟರು. 1954ರಲ್ಲಿ ಆಸ್ಪತ್ರೆಯ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಇತ್ತ ಕೆಜಿಎಫ್‌ನಲ್ಲಿ ಆಸ್ಪತ್ರೆಗೆ ಬರವಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿಗೆ ಸ್ವಂತ ಆಸ್ಪತ್ರೆ ಬಂತು, 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು, 1902ರಲ್ಲಿ ಶಿವನಸಮುದ್ರದ ಕರೆಂಟೂ ಬಂತು. ಮುರಿದ ಮೂಳೆ, ಬಂಡೆ ಸಿಡಿತದ ಗಾಯ, ಕಲ್ಲುಧೂಳು ತುಂಬಿದ ಶ್ವಾಸಕೋಶ, ಇವಕ್ಕೆಲ್ಲ ಅಲ್ಲಿ ಲೆಕ್ಕವಿತ್ತು. 1940ರ ದಶಕದಲ್ಲಿ ಇಲ್ಲಿನ ಸಾವಿರಾರು ಕಾರ್ಮಿಕರ ಎದೆ ಪರೀಕ್ಷಿಸಿದಾಗ ಶೇಕಡಾ 40ಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಭಾರತದಲ್ಲಿ ಸಿಲಿಕೋಸಿಸ್ ಚರಿತ್ರೆ ಶುರುವಾಗುವುದೇ ಈ ಗಣಿಯಿಂದ. ಆ ರೋಗ ಎಕ್ಸ್‌ರೇಯಲ್ಲಿ ಕಾಣುತ್ತದೆ, ಅದಕ್ಕೆ ಪರಿಹಾರ ಕೇಳಬಹುದು. ಭಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಇನ್ನೊಂದು ಮಾತು. ಗಣಿ ಕೆಲಸ ಅಪ್ಪನಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ದಾಟುತ್ತಿದ್ದ ಕೆಲಸ. ಶಾಫ್ಟ್ ಇಳಿಯಲು ಇಂಗ್ಲಿಷ್ ಸಂದರ್ಶನ ಬೇಕಿರಲಿಲ್ಲ. ಮಾತು ಕಮ್ಮಿ ಆಡುವವರಿಗೂ ಅಲ್ಲೊಂದು ಜಾಗ ಇದ್ದೇ ಇತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಅಂದಿನಿಂದ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಗಿನ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ದುಡಿಯುವುದೇ ಸಾವಿರಾರು ಮನೆಗಳ ಬದುಕು. ಅಲ್ಲಿ ಮೊದಲು ಸಂದರ್ಶನ, ಆಮೇಲೆ ದಿನವೂ ಗ್ರಾಹಕರ ಜೊತೆ ಮಾತು, ಫೋನ್, ಮೀಟಿಂಗ್. ಗಣಿ ಮುಚ್ಚಿದ್ದರಿಂದ ಈ ಕಾಯಿಲೆ ಹುಟ್ಟಿತು ಎಂದು ನಾವು ಹೇಳುತ್ತಿಲ್ಲ. ಮೊದಲು ಮುಚ್ಚಿಕೊಂಡು ಬದುಕಬಹುದಾಗಿದ್ದ ಭಯಕ್ಕೆ ಈಗ ಸಂಬಳದ ಬೆಲೆ ತೆರಬೇಕಾಗಿದೆ ಎಂಬುದಷ್ಟೇ ನಮ್ಮ ಮಾತು. ಹತ್ತಾರು ವರ್ಷ ನಡೆದ ಕಂಪನಿ ಆಸ್ಪತ್ರೆಯೂ ಗಣಿಯ ಜೊತೆಗೆ ಬಾಗಿಲು ಹಾಕಿಕೊಂಡಿತು. ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಸ್ವಯಂಸೇವಕರು ಅದರ ಧೂಳು ಕೊಡವಬೇಕಾಯಿತು.

ಹೊರಗಿನ ಜಗತ್ತಿನಲ್ಲೂ ಈ ಕಾಯಿಲೆ ತಡವಾಗಿ ಕಣ್ಣಿಗೆ ಬಿತ್ತು. ಫ್ರಾನ್ಸಿನ ಪಿಯರ್ ಜಾನೆ 1903ರಲ್ಲೇ ಜನರ ಮುಂದೆ ಮಾತಾಡಲು, ಬರೆಯಲು ಹೆದರುವವರ ಬಗ್ಗೆ ಬರೆದಿದ್ದರು. 1960ರ ದಶಕದಲ್ಲಿ ಲಂಡನ್ನಿನ ಐಸಾಕ್ ಮಾರ್ಕ್ಸ್ ಇದನ್ನು ಬೇರೆ ಭಯಗಳಿಂದ ಬಿಡಿಸಿ ತೋರಿಸಿದರು. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಐದು ವರ್ಷ ಕಳೆದರೂ ಮೈಕೆಲ್ ಲೀಬೋವಿಟ್ಜ್ ಮತ್ತು ಸಂಗಡಿಗರು ಇದು ಯಾರೂ ಗಮನಿಸದ ಕಾಯಿಲೆ ಎಂದೇ ಪ್ರಬಂಧ ಬರೆಯಬೇಕಾಯಿತು. 'ಸಾಮಾಜಿಕ ಆತಂಕ ಕಾಯಿಲೆ' ಎಂಬುದು ಕೈಪಿಡಿಯ ಮುಖ್ಯ ಹೆಸರಾದದ್ದು 2013ರಲ್ಲಿ.

ಚಿಕಿತ್ಸೆ ಮಾತ್ರ ಹೆಸರಿಗಿಂತ ಮೊದಲೇ ಹುಟ್ಟಿತ್ತು. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ 1958ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ವಿಧಾನ ಹೇಳಿದ್ದರು. ನಿಮ್ಹಾನ್ಸ್‌ನ ಚಿಕಿತ್ಸಾ ಮನೋವಿಜ್ಞಾನ ವಿಭಾಗವೂ ಇಂಥ ವರ್ತನಾ ಚಿಕಿತ್ಸೆಯನ್ನು ಕಲಿಸಿ ಬಳಸುತ್ತ ಬಂದಿದೆ. ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ: ಮೊದಲ ವಾರ ಬಂಗಾರಪೇಟೆ ನಿಲ್ದಾಣದಲ್ಲಿ ಗುರುತಿಲ್ಲದವರೊಬ್ಬರನ್ನು ರೈಲು ಎಷ್ಟು ಹೊತ್ತಿಗೆ ಎಂದು ಕೇಳುವುದು. ಆಮೇಲೆ ಹೋಟೆಲಿನಲ್ಲಿ ಒಬ್ಬರೇ ಕೂತು ತಿನ್ನುವುದು. ಮುಂದೆ ಕೊಂಡ ಸಾಮಾನು ವಾಪಸ್ ಕೊಟ್ಟು ಹಣ ಕೇಳುವುದು. ಕೊನೆಗೆ ಹತ್ತು ಜನರ ಎದುರು ಎರಡು ನಿಮಿಷ ಮಾತಾಡುವುದು. ಪ್ರತಿ ಮೆಟ್ಟಿಲಲ್ಲೂ ಭಯ ತಾನಾಗಿ ಇಳಿಯುವವರೆಗೆ ನಿಲ್ಲಬೇಕು, ಓಡಬಾರದು. ಇದರ ಜೊತೆಗೆ 'ಎಲ್ಲರೂ ನನ್ನ ಕೈ ನಡುಗುವುದನ್ನೇ ನೋಡುತ್ತಿದ್ದಾರೆ' ಎಂಬಂಥ ಯೋಚನೆಗಳನ್ನು ಪರೀಕ್ಷೆಗೆ ಒಡ್ಡುವುದು ಸೇರಿದರೆ ಅದು ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಸಿಬಿಟಿ. 2014ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆ 101 ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಅಧ್ಯಯನವೊಂದನ್ನು ಪ್ರಕಟಿಸಿತು. ಒಬ್ಬೊಬ್ಬರಿಗೇ ಕೊಡುವ ಸಿಬಿಟಿಯೇ ಮೊದಲ ಆಯ್ಕೆಯಾಗಬೇಕು ಎಂದು ಅದು ಹೇಳಿತು.

ಮಾತ್ರೆಗಳೂ ಇವೆ. ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ಎಸ್ಸಿಟಾಲೋಪ್ರಾಮ್ ಒಂದೇ ಗುಂಪಿನವು. ಪರಿಣಾಮ ತಿಳಿಯಲು ಕೆಲವು ವಾರ ಹಿಡಿಯುತ್ತದೆ. ಹುಷಾರಾದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು. ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಪ್ರೊಪ್ರನೊಲಾಲ್ ಎದೆಬಡಿತ, ನಡುಕಗಳನ್ನು ತಗ್ಗಿಸುತ್ತದೆ, ಹೀಗಾಗಿ ಒಂದು ದಿನದ ಭಾಷಣಕ್ಕೆ ಕೊಡುವುದುಂಟು. ದಿನನಿತ್ಯದ ಭಯಕ್ಕೆ ಅದು ಮದ್ದಲ್ಲ, ಅಸ್ತಮಾ ಇದ್ದವರಿಗಂತೂ ಸಲ್ಲದು. ನಮಗೆ ಹೆಚ್ಚು ಚಿಂತೆ ಹುಟ್ಟಿಸುವುದು ಆಲ್‌ಪ್ರಜೋಲಮ್. ನುಂಗಿದ ಅರ್ಧ ಗಂಟೆಗೆ ಹಾಯೆನಿಸುತ್ತದೆ, ಕೆಲ ವಾರಗಳಲ್ಲೇ ಅದಿಲ್ಲದೆ ಆಗದು ಎಂಬಂತಾಗುತ್ತದೆ. ಇದಕ್ಕೂ ಹಳೆಯ ಸ್ವಯಂಚಿಕಿತ್ಸೆ ಹೆಂಡ. 'ಒಂದು ಕ್ವಾರ್ಟರ್ ಹಾಕಿದರೆ ಚೆನ್ನಾಗಿ ಮಾತಾಡ್ತಾನೆ' ಎಂದು ತಮಾಷೆ ಮಾಡುತ್ತೇವಲ್ಲ, ಆ ಮಾತಿನ ಹಿಂದೆ ಎಷ್ಟೋ ಸಲ ಇದೇ ಕಾಯಿಲೆ ಇರುತ್ತದೆ.

ಇದೆಲ್ಲ ಬಂಗಾರಪೇಟೆಯಿಂದ ರೈಲಿನಲ್ಲಿ 70 ಕಿಲೋಮೀಟರ್ ದೂರದ ಊರಿನಲ್ಲಿತ್ತು. ಚಿಕಿತ್ಸೆಯನ್ನು ಹಳ್ಳಿಗೆ ತರುವ ಪ್ರಯತ್ನವೂ ಅಲ್ಲಿಂದಲೇ ಹೊರಟಿತು. 1970ರ ದಶಕದಲ್ಲಿ ಆನೇಕಲ್ ಕಡೆಯ ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ತರಬೇತಿ ಕೊಟ್ಟರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಲ್ಲಿ ಬಳ್ಳಾರಿಯಲ್ಲಿ ಇಡೀ ಜಿಲ್ಲೆಗೆ ಅನ್ವಯಿಸಿ ನೋಡಿದರು. 1996ರಿಂದ ಅದೇ ಮಾದರಿ ದೇಶದ ಬೇರೆ ಜಿಲ್ಲೆಗಳಿಗೆ ಹಬ್ಬಿತು. ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಮೊದಲ ಆದ್ಯತೆ ತೀವ್ರ ಮನೋರೋಗ ಮತ್ತು ಮೂರ್ಛೆರೋಗಕ್ಕೆ ಸಿಕ್ಕಿತು. ಇದ್ದ ವೈದ್ಯರ ಸಂಖ್ಯೆ ನೋಡಿದರೆ ಅದು ನ್ಯಾಯವೇ. ಸುಮ್ಮನಿರುವವರ ಸರದಿ ಮತ್ತೆ ಹಿಂದೆ ಬಿತ್ತು. ಕೋಲಾರದಲ್ಲಿ ಪರೀಕ್ಷೆಗೊಂಡು ದೇಶ ಸುತ್ತಿದ ಸಮೀಕ್ಷೆಯೇ ಇದಕ್ಕೆ ಅಂಕಿ ಕೊಟ್ಟಿತು. ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವವರಲ್ಲಿ ಶೇಕಡಾ 85ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಈಗ ದಾರಿ ಅಷ್ಟು ಉದ್ದವಿಲ್ಲ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ, ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜು, ಇವು ಬಂಗಾರಪೇಟೆಯಿಂದ ಬಸ್ಸಿನಲ್ಲಿ ಹೋಗಿ ಅದೇ ದಿನ ಬರಬಹುದಾದಷ್ಟು ಹತ್ತಿರ. ಮಾತ್ರೆ ಬರೆಸಿಕೊಳ್ಳುವುದು ಸುಲಭವಾಗಿದೆ, ವಾರವಾರ ಕೂತು ಸಿಬಿಟಿ ಮಾಡಿಸುವ ಮನಶ್ಶಾಸ್ತ್ರಜ್ಞರು ಸಿಗುವುದೇ ಕಷ್ಟ. ಅದೂ ಕೆಜಿಎಫ್‌ನವರಿಗೆ ತಮಿಳಿನಲ್ಲಿ ಬೇಕಾದರೆ ಇನ್ನೂ ಕಷ್ಟ. ತಾಯಿಭಾಷೆಯಲ್ಲೇ ಬಾಯಿ ಬರದವರು ಇನ್ನೊಂದು ಭಾಷೆಯಲ್ಲಿ ಒಳಗಿನ ಭಯ ಹೇಳಿಕೊಳ್ಳುವುದು ಹೇಗೆ?

2022ರ ಅಕ್ಟೋಬರ್ 10ರಂದು ಟೆಲಿ ಮನಸ್ ಸಹಾಯವಾಣಿ ಶುರುವಾಯಿತು. 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ, ಹಗಲು ರಾತ್ರಿ ಯಾವಾಗಲಾದರೂ, ಕನ್ನಡದಲ್ಲೋ ತಮಿಳಿನಲ್ಲೋ ಆಪ್ತಸಲಹೆ ಸಿಗುತ್ತದೆ. ಅದರ ಹೊಣೆಯನ್ನೂ ನಿಮ್ಹಾನ್ಸ್ ಹೊತ್ತಿದೆ. ಮುಖ ತೋರಿಸಬೇಕಿಲ್ಲ, ಹೊರರೋಗಿಗಳ ಸಾಲಿನಲ್ಲಿ ಪರಿಚಿತರ ಕಣ್ಣಿಗೆ ಬೀಳಬೇಕಿಲ್ಲ. ಫೋನ್ ಎಂದರೇ ಕೈ ಬೆವರುವವರು ಹೇಳಬೇಕಾದ ನಾಲ್ಕು ಮಾತನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಬಹುದು, ಮೊದಲ ಸಲ ನಡುವೆ ಕರೆ ಕತ್ತರಿಸಿದರೂ ಮಾರನೆ ದಿನ ಮತ್ತೆ ಮಾಡಬಹುದು.