ಮನೋರೋಗಿಯೂ ನ್ಯಾಯದ ಬಾಗಿಲೂ

ಸೊಲ್ಲಾಪುರದಿಂದ ದಕ್ಷಿಣಕ್ಕೆ ಸಾಗುವ ವಿಜಾಪುರ ರಸ್ತೆಯು ಒಂದು ಕಾಲಕ್ಕೆ ಮುಂಬಯಿ ಪ್ರಾಂತದೊಳಗಿನ ದಾರಿಯಾಗಿತ್ತು. ಸೊಲ್ಲಾಪುರ, ವಿಜಾಪುರ, ಧಾರವಾಡಗಳಿಗೆ ಹೈಕೋರ್ಟು ಒಂದೇ ಆಗಿತ್ತು. ೧೯೪೮ರಲ್ಲಿ ಅಕ್ಕಲಕೋಟೆಯ ಸಂಸ್ಥಾನವೂ ಆ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ ೧ರಂದು ವಿಜಾಪುರವು ಮೈಸೂರು ರಾಜ್ಯವನ್ನು ಸೇರಿತು. ನಾವು ಈಚೆ ಉಳಿದೆವು. ಈ ಗಡಿಯ ಕಥೆಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆದರೆ ಶಾಸನವು ನ್ಯಾಯಾಲಯದ ಬಾಗಿಲನ್ನು ಎಲ್ಲಿಯವರೆಗೆ ಮುಚ್ಚಬಹುದೆಂಬ ಇನ್ನೊಂದು ಗಡಿಯುಂಟು. ಚಿತ್ತಸ್ವಾಸ್ಥ್ಯ ತಪ್ಪಿದವರನ್ನು ಕುರಿತು ಆ ಗಡಿಯ ಕಥೆಯನ್ನು ವಾಚಕರ ಮುಂದಿಡಬಯಸುತ್ತೇವೆ.

ಅಪರಾಧ ಮಾಡದವನನ್ನೂ ಅವನ ಇಚ್ಛೆಗೆ ವಿರುದ್ಧವಾಗಿ ಒಳಗಿಡಬಲ್ಲ ಶಾಸನಗಳು ವಿರಳ. ಮನೋರೋಗದ ಕಾಯಿದೆಯು ಅವುಗಳಲ್ಲೊಂದು. ೧೯೧೨ರ ಬ್ರಿಟಿಷ್ ಕಾಯಿದೆಯಲ್ಲಿ ಇಬ್ಬರು ವೈದ್ಯರ ಪ್ರಮಾಣಪತ್ರ, ಮ್ಯಾಜಿಸ್ಟ್ರೇಟರ ಆಜ್ಞೆ ಇದ್ದರೆ ಮನುಷ್ಯನು ಹುಚ್ಚಾಸ್ಪತ್ರೆಯ ಗೋಡೆಯೊಳಗಾಗುತ್ತಿದ್ದನು. ೧೯೮೭ರ ಕಾಯಿದೆಯು ಅದರ ಸ್ಥಾನಕ್ಕೆ ಬಂದಿತು. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ೨೦೧೮ರ ಮೇ ೨೯ರಿಂದ ಜಾರಿಗೆ ಬಂದು, ರೋಗಿಯ ದೂರನ್ನು ಕೇಳಲು ಜಿಲ್ಲಾ ನ್ಯಾಯಾಧೀಶರ ಯೋಗ್ಯತೆಯವರ ಅಧ್ಯಕ್ಷತೆಯಲ್ಲಿ ಮಂಡಲಿಗಳನ್ನು ವಿಧಿಸಿತು. ಮಂಡಲಿಯು ತೀರ್ಮಾನಿಸತಕ್ಕ ವಿಷಯವನ್ನು ಸಿವಿಲ್ ಕೋರ್ಟು ವಿಚಾರಿಸಕೂಡದೆಂದೂ ಹೇಳಿತು. ರೋಗಿಯ ಅಳಲು ವರ್ಷಗಟ್ಟಲೆ ಕಡತದಲ್ಲಿ ಕೊಳೆಯಬಾರದಷ್ಟೆ. ಈ ನಿರ್ಬಂಧವು ಯುಕ್ತವಾದುದೇ.

ಹಾಗಾದರೆ ಮಂಡಲಿಯು ತಪ್ಪಿದಲ್ಲಿ ಗತಿಯೇನು? ಇದಕ್ಕೆ ಉತ್ತರದ ಬೇರು, ನಮ್ಮಂತೆಯೇ ೧೯೫೬ರಲ್ಲಿ ಕನ್ನಡ ನಾಡಿನ ಹೊರಗುಳಿದ ಕಾಸರಗೋಡಿನಲ್ಲಿದೆ. ಅಲ್ಲಿಯ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ಖಟ್ಲೆಯಲ್ಲಿ, ೧೯೭೩ರ ಏಪ್ರಿಲ್ ೨೪ರಂದು, ಸುಪ್ರೀಂ ಕೋರ್ಟಿನ ೧೩ ನ್ಯಾಯಮೂರ್ತಿಗಳು ೭ಕ್ಕೆ ೬ರ ಬಹುಮತದಿಂದ ಸಂವಿಧಾನದ ಮೂಲರಚನೆಯನ್ನು ಸಂಸತ್ತೂ ಕೆಡಿಸಲಾರದೆಂದರು. ೧೯೯೭ರ ಚಂದ್ರಕುಮಾರ್ ಖಟ್ಲೆಯಲ್ಲಿ ೭ ನ್ಯಾಯಮೂರ್ತಿಗಳ ಪೀಠವು, ೨೨೬ ಹಾಗೂ ೩೨ನೆಯ ವಿಧಿಗಳಂತೆ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಇರುವ ವಿಮರ್ಶಾಧಿಕಾರವು ಆ ಮೂಲರಚನೆಯ ಅಂಗವೇ ಎಂದು ಸಾರಿತು. ಆದುದರಿಂದ ಮಂಡಲಿಯು ಹೈಕೋರ್ಟಿನ ಮುಂದಣ ಮೆಟ್ಟಿಲಾಗಬಹುದೇ ಹೊರತು ಅದರ ಬಾಗಿಲಿಗೆ ಬೀಗವಾಗಲಾರದು. ಮಂಡಲಿಯ ಆಜ್ಞೆಯ ಮೇಲೆ ೩೦ ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ೨೦೧೭ರ ಕಾಯಿದೆಯೇ ಎಡೆಗೊಟ್ಟಿದೆ.

ಬಾಗಿಲು ತೆರೆದಿದ್ದರೂ ಸಂಕೋಲೆಯಲ್ಲಿರುವವನು ಅಲ್ಲಿಗೆ ನಡೆದುಹೋಗುವುದೆಂತು? ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರವಾಡಿಯಲ್ಲಿ ಬೆಂಕಿಬಿದ್ದಾಗ, ಸರಪಳಿಯಲ್ಲಿದ್ದ ೨೫ಕ್ಕೂ ಹೆಚ್ಚು ಮನೋರೋಗಿಗಳು ಓಡಲಾರದೆ ಸುಟ್ಟುಹೋದರು. ಆಗ ಸುಪ್ರೀಂ ಕೋರ್ಟು ಯಾರ ಅರ್ಜಿಗೂ ಕಾಯದೆ ತಾನಾಗಿಯೇ ವಿಚಾರಣೆಗಿಳಿಯಿತು. ಬಂಧಿತನ ಪರವಾಗಿ ಬಂಧುವೋ ಮಿತ್ರನೋ ಮೊರೆಯಿಡಲು ಸಂವಿಧಾನದಲ್ಲಿ ಅವಕಾಶವುಂಟು.

ನಮ್ಮ ಗಡಿಯ ಕುಟುಂಬಗಳು ನೆನಪಿಡತಕ್ಕ ಮಾತು ಇನ್ನೂ ಒಂದಿದೆ. ಯಾವ ವಿಧಿಯಂತೆ ದಾಖಲಿಸಲಾಗಿದೆ, ಮಂಡಲಿಗೆ ಮನವಿ ಸಲ್ಲಿಸುವ ಹಕ್ಕು ಹೇಗಿದೆ ಎಂಬುದನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ಹೇಳಬೇಕೆಂದು ಕಾಯಿದೆಯು ವಿಧಿಸುತ್ತದೆ. ಅಕ್ಕಲಕೋಟೆಯ ತಾಯಿಗೆ ಕನ್ನಡವೊಂದೇ ಬರುತ್ತಿದ್ದರೆ, ಕನ್ನಡದಲ್ಲಿ ಕೇಳುವುದು ಅವಳ ಹಕ್ಕು, ಬೇಡಿಕೆಯ ದೈನ್ಯವಲ್ಲ. ಉಚಿತ ಕಾನೂನು ನೆರವಿಗೂ ರೋಗಿಯು ಅರ್ಹನು. ೨೦೨೫ರ ಆಗಸ್ಟಿನಿಂದ ಮುಂಬಯಿ ಹೈಕೋರ್ಟಿನ ಪೀಠವೊಂದು ಕೊಲ್ಹಾಪುರದಲ್ಲಿ ಕುಳಿತು ಸೊಲ್ಲಾಪುರ ಜಿಲ್ಲೆಯ ಖಟ್ಲೆಗಳನ್ನೂ ವಿಚಾರಿಸುತ್ತಿದೆ.

ಮನೆಯ ಮಾನಕ್ಕಂಜಿ ರೋಗಿಯನ್ನು ಕತ್ತಲ ಕೋಣೆಗೆ ತಳ್ಳುವವರು ಇಂದಿಗೂ ಇಲ್ಲದಿಲ್ಲ. ಸಂಸತ್ತಿಗೂ ಮುಚ್ಚಲಾಗದ ಬಾಗಿಲನ್ನು ನಾವು ನಾಚಿಕೆಯಿಂದ ಮುಚ್ಚದಿರೋಣ.