ಪೀಪಾಯಿಯ ನೆನಪು

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ದಿನಗಳಲ್ಲಿ ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಎರಡನೆಯ ಭಾಗವನ್ನು ಓದಿಸುತ್ತಿದ್ದೆ. ಸ್ಥೂಲಕಾಯನಾದ ಫಾಲ್‌ಸ್ಟಾಫ್ ‘ಸ್ಯಾಕ್’ ಎಂಬ ಪಾನೀಯವನ್ನು ಬಾಯಿತುಂಬ ಹೊಗಳುವ ಸಂದರ್ಭ ಬಂದಾಗ ವಿದ್ಯಾರ್ಥಿಯೊಬ್ಬ ಎದ್ದು, ‘ಸ್ಯಾಕ್ ಅಂದರೆ ಗೋಣಿಚೀಲ ಅಲ್ಲವೇ, ಸಾರ್?’ ಎಂದ. ತರಗತಿ ನಕ್ಕಿತು. ‘ಅದೊಂದು ಬಗೆಯ ಮದ್ಯ’ ಎಂದು ಹೇಳಿ ಮುಂದಿನ ಸಾಲಿಗೆ ಹೋದೆ. ಮದ್ಯದ ರುಚಿಯನ್ನೇ ಅರಿಯದ ನನಗೆ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ಆ ಅರೆಬರೆ ಉತ್ತರದ ನಾಚಿಕೆ ನನ್ನನ್ನು ಬಹುದೂರ ಕರೆದೊಯ್ದಿತು.

ಫಾಲ್‌ಸ್ಟಾಫ್ ಹೊಗಳಿದ್ದು ದಕ್ಷಿಣ ಸ್ಪೇನಿನ ಹೆರೆಸ್ ಪಟ್ಟಣದ ದ್ರಾಕ್ಷಾಮದ್ಯವನ್ನು. ಅರಬ್ಬರು ‘ಷೆರಿಷ್’ ಎಂದು ಕರೆದ ಆ ಊರಿನ ಹೆಸರೇ ಇಂಗ್ಲಿಷರ ಬಾಯಲ್ಲಿ ‘ಷೆರಿ’ಯಾಯಿತು. 1587ರಲ್ಲಿ ಫ್ರಾನ್ಸಿಸ್ ಡ್ರೇಕ್ ಕಾದಿಸ್ ಬಂದರನ್ನು ಸೂರೆಮಾಡಿದಾಗ ಕೊಳ್ಳೆಯಲ್ಲಿ ಈ ಮದ್ಯದ 2,900 ಪೀಪಾಯಿಗಳಿದ್ದವೆಂಬುದು ಪ್ರಸಿದ್ಧ ಕಥೆ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಬ್ರಿಟನ್ನಿನ ಬಂದರುಗಳಲ್ಲಿ ಷೆರಿಯ ಓಕ್ ಪೀಪಾಯಿಗಳು ಸಾಲುಸಾಲಾಗಿ ಇಳಿಯುತ್ತಿದ್ದವು.

ಮದ್ಯವನ್ನು ಸೀಸೆಗಳಿಗೆ ತುಂಬಿದ ಮೇಲೆ ಪೀಪಾಯಿಯ ಗತಿಯೇನು? ಬರಿದಾದದ್ದನ್ನು ಮತ್ತೆ ಸ್ಪೇನಿಗೆ ಸಾಗಿಸುವುದು ದಂಡದ ಖರ್ಚು. ಇತ್ತ ಸ್ಕಾಟ್ಲೆಂಡಿನಲ್ಲಿ 1823ರ ಅಬಕಾರಿ ಕಾಯಿದೆಯ ತರುವಾಯ ಕಳ್ಳಭಟ್ಟಿಗಳು ಹಿಂದೆ ಸರಿದು, ಪರವಾನಗಿ ಪಡೆದ ಭಟ್ಟಿಗಳು ತಲೆಯೆತ್ತಿದ್ದವು. ಅವರಿಗೆ ಪಾತ್ರೆ ಬೇಕಾಗಿತ್ತು, ಅಗ್ಗವಾಗಿ ಸಿಕ್ಕಿತು. ಮೊಳಕೆ ಬರಿಸಿದ ಬಾರ್ಲಿಯಿಂದ ಇಳಿಸಿದ, ನೀರಿನಂತೆ ವರ್ಣಹೀನವಾದ ವಿಸ್ಕಿ ಹೀಗೆ ಷೆರಿಯ ಪೀಪಾಯಿಯನ್ನು ಸೇರಿತು. ಸೇರಿಸಿದ್ದು ಕಲೆಯಲ್ಲ, ಕೈಬಿಗಿತ.

ಇಂಗಿನ ಡಬ್ಬಿ ಬರಿದಾದರೂ ವಾಸನೆ ಬಿಡುವುದಿಲ್ಲವೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ಷೆರಿಯನ್ನು ಹೀರಿದ್ದ ಮರ ವಿಸ್ಕಿಗೆ ಕೆಂಗಂದು ಬಣ್ಣವನ್ನೂ, ಒಣದ್ರಾಕ್ಷಿ, ಸಂಬಾರಗಳನ್ನು ನೆನಪಿಸುವ ಪರಿಮಳವನ್ನೂ ಕೊಟ್ಟಿತು.

ಉಳಿದದ್ದು ಕಾಲದ ಕೆಲಸ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡ 2ರಷ್ಟು ಆವಿಯಾಗುತ್ತದೆ. ಅದನ್ನು ಅಲ್ಲಿಯವರು ದೇವದೂತರ ಪಾಲೆನ್ನುತ್ತಾರೆ. 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದ ಬೆಂಗಳೂರಿನ ಅಮೃತ್ ಸಂಸ್ಥೆಯ ಉಗ್ರಾಣಗಳಲ್ಲಿ ಈ ಪಾಲು ಶೇಕಡ 10ನ್ನು ಮೀರುತ್ತದೆ. ನಮ್ಮ ಬಿಸಿಲಿನಲ್ಲಿ ಅರವತ್ತು ವರ್ಷ ಕಾಯಹೊರಟರೆ ಬರಿಯ ಮರ ಉಳಿದೀತು. ಮೆಕಾಲನ್ ಭಟ್ಟಿಯಲ್ಲಿ 1926ರಲ್ಲಿ ಇಳಿಸಿ ಷೆರಿಯ ಪೀಪಾಯಿಯಲ್ಲಿಟ್ಟ ವಿಸ್ಕಿಯನ್ನು 1986ರಲ್ಲಿ ತೆಗೆದಾಗ ದೊರೆತದ್ದು 40 ಸೀಸೆ. ಅವುಗಳಲ್ಲೊಂದು 2023ರ ನವೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ 21 ಲಕ್ಷ ಪೌಂಡಿಗೂ ಮಿಕ್ಕಿ ಮಾರಾಟವಾಯಿತು. ಆ ಬೆಲೆ ಕೇಳಿ ನಾನೂ ಬೆರಗಾದೆ. ಆದರೆ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಬೇರೊಂದು ಸಂಗತಿ.

1980ರ ದಶಕದಲ್ಲಿ ಸ್ಪೇನ್, ಷೆರಿಯನ್ನು ತನ್ನ ನೆಲದಲ್ಲೇ ಸೀಸೆಗೆ ತುಂಬಬೇಕೆಂದು ವಿಧಿಸಿತು. ಷೆರಿಯ ಬೇಡಿಕೆಯೂ ಕುಗ್ಗಿತ್ತು. ಸಮುದ್ರ ದಾಟುತ್ತಿದ್ದ ಪೀಪಾಯಿ ನಿಂತುಹೋಯಿತು. ಈಗ ವಿಸ್ಕಿಯವರ ಅಪ್ಪಣೆಯಂತೆ ಹೊಸ ಪೀಪಾಯಿಗಳನ್ನು ಕಟ್ಟಿ, ಒಂದೆರಡು ವರ್ಷ ಷೆರಿ ತುಂಬಿ ಹದಗೊಳಿಸುತ್ತಾರೆ. ಆ ಷೆರಿ ಸಾಮಾನ್ಯವಾಗಿ ಕುಡಿಯುವವರ ಮೇಜಿಗೆ ಬರುವುದೇ ಇಲ್ಲ. ವಿನಿಗರ್ ಆಗಿಯೋ ಮತ್ತೆ ಭಟ್ಟಿಗೆ ಬಿದ್ದೋ ಮುಗಿಯುತ್ತದೆ. ಹಿಂದೆ ಷೆರಿಗಾಗಿ ಪೀಪಾಯಿ ಇತ್ತು. ಈಗ ಪೀಪಾಯಿಗಾಗಿ ಷೆರಿ.

ಹೊಸ ವಿಧಾನದಲ್ಲಿ ಒಳ್ಳೆಯ ವಿಸ್ಕಿ ಆಗುವುದಿಲ್ಲವೆಂದು ನಾನು ಹೇಳಲಾರೆ. ಹೇಳುವ ಅಧಿಕಾರ ನನ್ನ ನಾಲಗೆಗಿಲ್ಲ. ಆದರೆ ಯಾರೂ ಉದ್ದೇಶಿಸದೆ ಎರಡು ನಾಡುಗಳ ವ್ಯಾಪಾರದ ನಡುವೆ ತಾನಾಗಿ ಹುಟ್ಟಿದ ರುಚಿಯೊಂದು, ಆ ವ್ಯಾಪಾರದ ದಾರಿ ಮುಚ್ಚಿದೊಡನೆ ಮುಗಿಯಿತು. ಹಳೆಯ ಸೀಸೆಗಳನ್ನು ಕೊಳ್ಳುವವರು ಕೊಳ್ಳುತ್ತಿರುವುದು, ಬಹುಶಃ, ಆ ದಾರಿಯನ್ನೇ.

ಪ್ರಶ್ನೆ ಕೇಳಿದ ಹುಡುಗ ಈಗ ಎಲ್ಲಿದ್ದಾನೋ ಅರಿಯೆ. ಸಿಕ್ಕಿದರೆ, ಅಂದು ಒಂದು ವಾಕ್ಯದಲ್ಲಿ ಮುಗಿಸಿದ ಉತ್ತರವನ್ನು ಪೂರ್ತಿ ಹೇಳುವ ಆಸೆ ನನಗಿದೆ.